ಸದರಿ ಸಾಬೂನಿನ ಹೇಳಿಕೆ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತು 2018ರಲ್ಲಿ ನಡೆದಾಗ, ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯುವ ಕುಟುಂಬಗಳು ದೇಶದಲ್ಲಿ ಶೇ. 35.8ರಷ್ಟಿವೆಯೆಂದೂ, ಬರೀ ನೀರಿನಲ್ಲಿ ಕೈ ತೋಯಿಸಿಕೊಂಡು ತಟ್ಟೆಯ ಮುಂದೆ ಕೂರುವ ಕುಟುಂಬಗಳು ಶೇ. 60.4ರಷ್ಟಿವೆಯೆಂದೂ ತಿಳಿದುಬಂತು. ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ಮಾತುಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಕಿವಿಗೆ ಬೀಳದೆ ಹೋಗುವುದರಲ್ಲಿಯೂ ಇದಕ್ಕೆ ಸಾಟಿಯಿಲ್ಲ. ಆದುದರಿಂದ ವೈದ್ಯರಿಗೆ ಮತ್ತೊಮ್ಮೆ ತೊಂದರೆ ಕೊಡುವ ಬದಲು ಸಂಬಂಧಪಟ್ಟ ವಸ್ತುವಿನ ಹೇಳಿಕೆಯನ್ನೇ ದಾಖಲಿಸಿಕೊಳ್ಳುವುದು ಉಚಿತವೆಂದು ತೋರಿ, ರಾಜಾಜಿನಗರದ ಅಂಚಿನಲ್ಲಿ ತನ್ನ ಕಾರ್ಖಾನೆಯ ಹೆಸರನ್ನು ಮೆಟ್ರೊ ನಿಲ್ದಾಣವೊಂದಕ್ಕೆ ದಯಪಾಲಿಸಿರುವ ಮೈಸೂರ್ ಸ್ಯಾಂಡಲ್ ಸೋಪಿನ ಭೇಟಿಗೆ ಸಮಯ ಕೋರಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ, ಅಂದರೆ ತಾನೇ ಎಣಿಸಿಕೊಳ್ಳುವಂತೆ 1916ರಿಂದ, ಸರ್ಕಾರದ ಆಶ್ರಯದಲ್ಲಿರುವ ಈ ಸಾಬೂನಿಗೆ ಕಡತದ ಭಾಷೆ ಮೈಗೂಡಿ ಹೋಗಿದ್ದು, ತನ್ನನ್ನು ಅದು 'ಸದರಿ ಸಾಬೂನು' ಎಂದೇ ಕರೆದುಕೊಳ್ಳುತ್ತದೆ. ಸಂದರ್ಶಕರಿಗೆ ವೃಷಭಾವತಿ ನದಿಯ ವಿಷಯದಲ್ಲಿ ಒಂದು ಹಟವಿದೆಯೆಂಬುದನ್ನೂ ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಸಂದರ್ಶಕರು: 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಯ ಸಂಭಾವನೆಯೊಡನೆ ತಮ್ಮ ರಾಯಭಾರಿಯಾದರು. ಕನ್ನಡದ ನಟಿಯರಿರಲಿಲ್ಲವೇ ಎಂದು ಆಗ ಎದ್ದ ಗದ್ದಲದ ಬಗ್ಗೆ ತಮ್ಮ ಅಭಿಪ್ರಾಯವೇನು?

ಸಾಬೂನು: ಅದು ನೀತಿ ನಿರ್ಧಾರದ ವಿಷಯವಾಗಿದ್ದು, ಸದರಿ ಸಾಬೂನಿನ ವ್ಯಾಪ್ತಿಗೆ ಬರುವುದಿಲ್ಲ. ಸದರಿ ಸಾಬೂನಿನ ಅಹವಾಲು ಬೀರುವಿಗೆ ಸಂಬಂಧಿಸಿದ್ದು. ವಿಜಯನಗರದಿಂದ ಬಸವೇಶ್ವರನಗರದವರೆಗೆ ಮನೆಮನೆಯ ಬೀರು ತೆರೆದು ನೋಡಿದರೆ, ರೇಷ್ಮೆ ಸೀರೆಗಳ ಮಡಿಕೆಯ ನಡುವೆ, ಪೆಟ್ಟಿಗೆಯ ಸಮೇತ, ಸದರಿ ಸಾಬೂನು ಉಸಿರು ಕಟ್ಟಿ ಮಲಗಿರುವುದು ಕಂಡುಬರುತ್ತದೆ. ಮಗಳ ಧಾರೆ ಸೀರೆಗೆ ಘಮ ಹತ್ತಲೆಂದು ಇಟ್ಟದ್ದು ಮೊಮ್ಮಗಳ ನಾಮಕರಣದ ಹೊತ್ತಿಗೂ ನೀರಿನ ಮುಖ ಕಂಡಿರುವುದಿಲ್ಲ. ಅಮೆರಿಕಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳಗಳ ಪಕ್ಕದಲ್ಲಿ ಅರ್ಧ ಡಜನ್ ಕಡ್ಡಾಯವಾಗಿ ಇರುತ್ತವೆ. ಸಮುದ್ರ ದಾಟಿದ ಮೇಲೆಯೂ ಸಿಗುವುದು ಬೀರುವೇ.

ಸಂದರ್ಶಕರು: ಗಂಧದ ಹೆಸರು ಹೊತ್ತ ಮೇಲೆ ಘಮಕ್ಕಾಗಿ ಇಟ್ಟುಕೊಂಡರೆ ತಪ್ಪೇನು?

ಸಾಬೂನು: ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲಿಯೇ ಉಳಿದುದರಿಂದ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಏರ್ಪಾಡಾಗಿ, ಆ ಎಣ್ಣೆಯಿಂದ ಸದರಿ ಸಾಬೂನು ಹುಟ್ಟಿತೆಂಬುದು ನಿಜ. ಊರಿನ ಹೆಸರಿಗೆ ಕಾನೂನಿನ ಕಾವಲು ಕೊಡುವ ಭೌಗೋಳಿಕ ಸೂಚಕವೆಂಬ ಮಾನ್ಯತೆ 2006ರಲ್ಲಿ ದೊರೆತದ್ದೂ, 150 ಗ್ರಾಮಿಗೆ ಆಗ 720 ರೂಪಾಯಿಯಿದ್ದ 'ಮಿಲೇನಿಯಂ' ಎಂಬ ಸಿರಿವಂತ ತಮ್ಮ 2012ರಲ್ಲಿ ಹುಟ್ಟಿದ್ದೂ ನಿಜ. ಆದರೆ ರೋಗವನ್ನು ಓಡಿಸುವುದರಲ್ಲಿ ಗಂಧದ ಪಾತ್ರವೇನೂ ಇಲ್ಲ. ಸಾಬೂನಿನ ಪ್ರತಿಯೊಂದು ಅಣುವಿಗೂ ಎರಡು ತುದಿಗಳಿದ್ದು, ಒಂದು ನೀರಿಗೆ ಅಂಟಿಕೊಂಡರೆ ಇನ್ನೊಂದು ಜಿಡ್ಡಿಗೆ ಅಂಟಿಕೊಳ್ಳುತ್ತದೆ. ಕೈಯ ಜಿಡ್ಡಿನಲ್ಲಿ ಕೂತ ಕ್ರಿಮಿಗಳು ಹೀಗೆ ಚರ್ಮದಿಂದ ಬಿಡಿಸಲ್ಪಟ್ಟು ನೀರಿನ ಜೊತೆ ಇಳಿದುಹೋಗುತ್ತವೆ. ಕೊರೊನಾದಂಥ ಕೆಲವು ವೈರಾಣುಗಳಿಗೆ ಜಿಡ್ಡಿನದೇ ಹೊದಿಕೆಯಿರುವುದರಿಂದ ಆ ಹೊದಿಕೆಯೇ ಹರಿದು ಅವು ಅಲ್ಲಿಯೇ ಮುಗಿಯುತ್ತವೆ. ಈ ಕೆಲಸವನ್ನು ಹತ್ತು ರೂಪಾಯಿಯ ಬಟ್ಟೆ ಸೋಪಿನ ತುಂಡೂ ಇಷ್ಟೇ ಚೆನ್ನಾಗಿ ಮಾಡುತ್ತದೆಯೆಂಬುದನ್ನು ಸದರಿ ಸಾಬೂನು ಭಾರವಾದ ಮನಸ್ಸಿನಿಂದ ದೃಢೀಕರಿಸುತ್ತದೆ.

ಈ ದೃಢೀಕರಣಕ್ಕೆ ಆಧಾರವಿದೆ. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಬೂನು ಕೊಟ್ಟು ಕೈ ತೊಳೆಯುವುದನ್ನು ರೂಢಿಸಿದ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು, ಹದಿನೈದು ವರ್ಷದೊಳಗಿನವರಲ್ಲಿ ಭೇದಿಯೂ ಸರಿಸುಮಾರು ಅಷ್ಟೇ ಕಡಿಮೆಯಾಯಿತು. ಕ್ರಿಮಿನಾಶಕ ಸಾಬೂನಿಗೂ ಸಾದಾ ಸಾಬೂನಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಟ್ರೈಕ್ಲೋಸಾನ್ ಸೇರಿದಂತೆ 19 ಕ್ರಿಮಿನಾಶಕ ರಾಸಾಯನಿಕಗಳನ್ನು ಮನೆಬಳಕೆಯ ಕೈಸಾಬೂನುಗಳಿಂದ ತೆಗೆಸಿದರು. ಹೀಗಿದ್ದೂ ಶೇಕಡಾ ತೊಂಬತ್ತೊಂಬತ್ತು ಚಿಲ್ಲರೆ ಕ್ರಿಮಿಗಳನ್ನು ಕೊಲ್ಲುವೆನೆಂದು ಟೀವಿಯಲ್ಲಿ ಅಬ್ಬರಿಸುವ ಸಾಬೂನುಗಳ ಮುಂದೆ ಸಾದಾ ಸಾಬೂನು ಅಂಗಡಿಯ ಕೆಳಗಿನ ಅಟ್ಟಣಿಗೆಗೆ ಸರಿದಿದೆ.

ಸಂದರ್ಶಕರು: ಸಮೀಕ್ಷೆಯ ಪ್ರಕಾರ ಶೌಚದ ಬಳಿಕ ಸಾಬೂನು ಬಳಸುವ ಕುಟುಂಬಗಳು ಶೇ. 74.1. ಊಟದ ಮುಂಚೆ ಮಾತ್ರ ಅದರ ಅರ್ಧಕ್ಕೂ ಕಡಿಮೆ. ಇದಕ್ಕೆ ಕಾರಣವೇನು?

ಸಾಬೂನು: ಕಾರಣ ಮೂಗು. ಇಲ್ಲಿಯ ಜನ ಕೈ ತೊಳೆಯುವುದು ವಾಸನೆಯನ್ನು ಕಳೆಯಲು. ರೋಗವನ್ನು ಕಳೆಯಲು ಅಲ್ಲ. ರಾಜಾಜಿನಗರದ ಯಾವುದೇ ದರ್ಶಿನಿಯ ಕೈತೊಳೆಯುವ ಜಾಗದಲ್ಲಿ ಅರ್ಧ ಗಂಟೆ ಕೂತು ನೋಡಬಹುದು. ಬಸ್ಸಿನ ಕಂಬಿ ಹಿಡಿದು ಬಂದ ಗಿರಾಕಿ ನಲ್ಲಿಯ ಕೆಳಗೆ ಬಲಗೈಯ ಮೂರು ಬೆರಳ ತುದಿಗಳನ್ನು ಒದ್ದೆ ಮಾಡಿ, ಕೈ ಕೊಡವಿ, ಪ್ಯಾಂಟಿಗೆ ಒರೆಸಿ, ಅದೇ ಬೆರಳಿನಿಂದ ಫೋನ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಮಸಾಲೆ ದೋಸೆಯನ್ನು ಮುರಿಯುತ್ತಾನೆ. ತಿಂದಾದ ಮೇಲೆ ಅವನೇ ಮತ್ತೆ ಬಂದು, ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿದ ಬಾಟಲಿಯನ್ನು ಹಿಸುಕಿ, ಹತ್ತು ಪಾಲು ನೀರು ಬೆರೆಸಿದ ಸಾಬೂನಿನ ದ್ರವವನ್ನು ಮೊಣಕೈವರೆಗೆ ಬಳಿದುಕೊಂಡು, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ, ಕೈಯನ್ನು ಮೂಗಿಗೆ ಹಿಡಿದು ನೋಡುತ್ತಾನೆ. ಆಗ ತೊಳೆದದ್ದು ಬೆಣ್ಣೆ ಮತ್ತು ಸಾಂಬಾರು. ತೊಳೆಯಬೇಕಾಗಿದ್ದದ್ದು ದೋಸೆಯ ಜೊತೆ ಹೊಟ್ಟೆ ಸೇರಿ ಆಗಲೇ ಹದಿನೈದು ನಿಮಿಷವಾಗಿರುತ್ತದೆ. ಅವನ ಮನೆಯ ಬೀರುವಿನಲ್ಲಿಯೂ ಸದರಿ ಸಾಬೂನು ಮೂರು ಇವೆ.

ಸಂದರ್ಶಕರು: ಆ ದರ್ಶಿನಿಯ ನೀರು ಹೋಗುವುದೆಲ್ಲಿಗೆ ಎಂಬುದನ್ನು ಯಾರೂ ಕೇಳುವುದಿಲ್ಲ. ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿಯೂ ದೊಡ್ಡ ಬಸವನ ಪಾದದಲ್ಲಿಯೂ ಹುಟ್ಟುತ್ತದೆಂದು ಹೇಳಲಾಗುವ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಮಗ್ಗುಲಿನಲ್ಲಿ ಹರಿದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವ ವೃಷಭಾವತಿಯನ್ನು ಇಂದು ನಗರದ ಮಕ್ಕಳು ಮೋರಿಯೆಂದೇ ತಿಳಿದಿರುವಾಗ, ಬೈರಮಂಗಲದ ಕೋಡಿಯಲ್ಲಿ ನೊರೆ ಬೆಟ್ಟದಂತೆ ಏಳುತ್ತಿರುವಾಗ, ಆ ನೀರಿನಲ್ಲಿಯೇ ಹುಲ್ಲು, ತರಕಾರಿ ಬೆಳೆಯುತ್ತಿರುವಾಗ, ಪಶ್ಚಿಮ ಬೆಂಗಳೂರಿನವರು ಕೈ ತೊಳೆದರೇನು, ಬಿಟ್ಟರೇನು? ಆ ನೊರೆ ಯಾರದು?

ಪ್ರಶ್ನೆಯು ಉತ್ತರಕ್ಕಿಂತ ಉದ್ದವಾದ ಈ ಸ್ಥಳದಲ್ಲಿ ಸಾಬೂನು ತುಸು ಕರಗಿದಂತೆ ಕಂಡಿತು.

ಸಾಬೂನು: ಸದರಿ ಸಾಬೂನಿನದಲ್ಲ. ಹಳೆಯ ರೀತಿಯ ಸಾಬೂನು ನೀರು ಸೇರಿದ ಮೇಲೆ ಬೇಗ ಕೊಳೆತು ಹೋಗುತ್ತದೆ. ಸುಣ್ಣದ ಲವಣಗಳು ಹೆಚ್ಚಾಗಿರುವ ಗಡಸು ನೀರಿನಲ್ಲಂತೂ ನೊರೆ ಬರುವುದಕ್ಕೆ ಮೊದಲೇ ಒಡೆದು ಬಿಳಿಯ ಕಿಟ್ಟವಾಗುತ್ತದೆ. ಕಾವೇರಿ ನೀರಿಲ್ಲದೆ ಬೋರ್‌ವೆಲ್ ನಂಬಿದ ಬಡಾವಣೆಗಳಲ್ಲಿ ಬಚ್ಚಲಿನ ಬಕೆಟ್ಟಿಗೆ ಅಂಟುವುದು ಅದೇ. ನದಿಯ ನೊರೆಗೆ ಬಟ್ಟೆ ತೊಳೆಯುವ ಪುಡಿಗಳನ್ನೂ, ಸಂಸ್ಕರಿಸದ ಕೊಳಚೆಯನ್ನೂ, ಕೈಗಾರಿಕೆಗಳನ್ನೂ ವಿಚಾರಿಸುವುದು. ಬೀರುವಿನ ವಿಷಯ ಅರ್ಧಕ್ಕೆ ನಿಂತಿತ್ತು.

ಸಂದರ್ಶಕರು: ಅದಕ್ಕೆ ಮೊದಲು ಸ್ಯಾನಿಟೈಸರ್ ಬಗ್ಗೆ ಒಂದು ಮಾತು.

ಸಾಬೂನು: ಆ ಹೆಸರನ್ನು ಕಡತದಲ್ಲಿ ನಮೂದಿಸಬಾರದಾಗಿ ಕೋರಿಕೆ. ಮಣ್ಣು, ಜಿಡ್ಡು ಮೆತ್ತಿದ ಕೈಯಲ್ಲಿ ಅದರ ಆಟ ನಡೆಯುವುದಿಲ್ಲ; ವಾಂತಿಭೇದಿ ತರುವ ನೊರೊವೈರಸ್ಸಿನ ಮುಂದೆ ಅದು ದುರ್ಬಲ. 2020ರಲ್ಲಿ ದೇವರ ಮುಂದಿನ ತೀರ್ಥದಂತೆ ಅದನ್ನು ಅಂಗೈಯಲ್ಲಿ ಹಿಡಿದವರು, ಆ ವರ್ಷವೂ ಸದರಿ ಸಾಬೂನನ್ನು ಸೀರೆಯ ನಡುವಿನಿಂದ ಹೊರಕ್ಕೆ ತೆಗೆಯಲಿಲ್ಲ.

ಸಂದರ್ಶಕರು: ಕೈ ತೊಳೆಯುವ ವಿಷಯದಲ್ಲಿ ಓದಿದವರೂ ಹಟ ಹಿಡಿದದ್ದುಂಟಲ್ಲವೇ?

ಸಾಬೂನು: 1847ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳಿಂದಲೇ ಬಾಣಂತಿ ಸನ್ನಿ, ಅಂದರೆ ಹೆರಿಗೆಯ ಬಳಿಕ ತಾಯಿಗೆ ತಗಲುವ ನಂಜು, ಹರಡುತ್ತಿದೆಯೆಂದು ಊಹಿಸಿ, ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್ ತಿಂಗಳಲ್ಲಿ ಶೇ. 18 ದಾಟಿದ್ದ ಸಾವು ಜೂನ್ ಹೊತ್ತಿಗೆ ಶೇ. 2ರ ಆಸುಪಾಸಿಗೆ ಬಂತು. ಸಹೋದ್ಯೋಗಿಗಳಲ್ಲಿ ಹಲವರು ಒಪ್ಪಲಿಲ್ಲ. ದೊಡ್ಡಮನುಷ್ಯರ ಕೈ ಕೊಳಕಾಗಿರಬಹುದೆಂಬುದೇ ಅವರಿಗೆ ಹಿಡಿಸಲಿಲ್ಲ. ಸೆಮ್ಮೆಲ್ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು.

ಸಂದರ್ಶಕರು: ಈಗ ಅಕ್ಟೋಬರ್ 15ಕ್ಕೆ ವಿಶ್ವ ಕೈತೊಳೆಯುವ ದಿನವಿದೆ, ಗೋಡೆಬರಹವಿದೆ, ಭಾಷಣವಿದೆ. ಜನಸಾಮಾನ್ಯರಿಗೆ ಇನ್ನಷ್ಟು ತಿಳಿವಳಿಕೆ ಕೊಟ್ಟರೆ ಸಾಲದೇ?

ಇದಕ್ಕೆ ಬಂದ ಉತ್ತರದಲ್ಲಿ 'ಸದರಿ' ಎಂಬ ಪದ ಕಾಣಿಸುವುದಿಲ್ಲ.

ಸಾಬೂನು: ತಿಳಿವಳಿಕೆ ಯಾರಿಗೆ? ಬಸವೇಶ್ವರನಗರದ ಬೀದಿಗಳಲ್ಲಿ ನಸುಕಿನಿಂದ ಕಸ ಎತ್ತುವ ಪೌರಕಾರ್ಮಿಕ ಮಹಿಳೆಗೆ ಕೈ ಕೊಳಕೆಂದು ಗೊತ್ತಿಲ್ಲವೇ? ಬಳಸಿದ ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಬೇಕೆಂಬ ನಿಯಮವನ್ನು ಮೂರಂತಸ್ತಿನ ಮನೆಯವರು ಓದಿಯೂ ಪಾಲಿಸುವುದಿಲ್ಲ; ಅನ್ನ ಸಾರಿನ ಜೊತೆ ಬಂದ ಅವನ್ನು ಆಕೆ ಬರಿಗೈಯಲ್ಲಿ ಬೇರೆ ಮಾಡುತ್ತಾಳೆ. ಆಮೇಲೆ ತಿಂಡಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಆ ಇಡೀ ರಸ್ತೆಯಲ್ಲಿ ಆಕೆಗೆ ಒಂದು ನಲ್ಲಿ ಇಲ್ಲ. ಗೇಟಿನ ಒಳಗೆ ಕಾರು ತೊಳೆಯುವ ನಲ್ಲಿಯಿದೆ, ಗೇಟು ತೆರೆಯುವುದಿಲ್ಲ. ಬಿಸಿಯೂಟದ ಮಕ್ಕಳಿಗೆ ಸಾಬೂನು ಹಚ್ಚಿ ಕೈ ತೊಳೆಯಿರಿ ಎಂದು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಅದರ ಕೆಳಗಿನ ನಲ್ಲಿಯ ಹತ್ತಿರ ಒಂದು ತುಂಡು ಸಾಬೂನು ಇಡದೆ ಬಿಟ್ಟವರಿಗೆ ತಿಳಿವಳಿಕೆ ಕೊಡುವವರು ಯಾರು? 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದೇ ಜನ ಸತ್ತರು. ಕೈ ತೊಳೆಯಬೇಕಾದ ನೀರಿನಲ್ಲಿಯೇ ಸಾವಿರುವಾಗ ಅಭ್ಯಾಸದ ಪಾಠ ಯಾರ ಮುಂದೆ ಹೇಳುವುದು? ಸಾಬೂನಿದ್ದೂ, ನೀರಿದ್ದೂ, ಓದಿದ್ದೂ ಊಟದ ಮುಂಚೆ ಇಪ್ಪತ್ತು ಸೆಕೆಂಡು ಕೈ ಉಜ್ಜಲು ಪುರಸೊತ್ತಿಲ್ಲದವರು ನೀರೇ ಇಲ್ಲದವರ ಬಗ್ಗೆ 'ಅವರಿಗೆ ಶುಚಿತ್ವ ಗೊತ್ತಿಲ್ಲ' ಎಂದು ಹೇಳುವುದನ್ನು ಎಷ್ಟು ವರ್ಷ ಕೇಳಿಸಿಕೊಂಡು ಬೀರುವಿನಲ್ಲಿ ಕೂತಿರುವುದು?

ಕೆಲಹೊತ್ತು ಯಾವ ಪ್ರಶ್ನೆಯೂ ಬರಲಿಲ್ಲ. ಬಳಿಕ ಸಂದರ್ಶಕರು, ಬೇರೆ ಯಾವುದಾದರೂ ಪ್ರಶ್ನೆ ಕೇಳಬಹುದಾಗಿದ್ದ ಅವಕಾಶವನ್ನು, ನಿರೀಕ್ಷೆಯಂತೆಯೇ ಬಳಸಿಕೊಂಡರು.

ಸಂದರ್ಶಕರು: ಹಾಗಾದರೆ ಆ ಮಹಿಳೆಗೆ ನಲ್ಲಿ ಸಿಕ್ಕು, ಆಕೆ ಕೈ ತೊಳೆದ ನೀರೂ ಕೊನೆಗೆ ಸೇರುವುದು ವೃಷಭಾವತಿಯನ್ನೇ ಅಲ್ಲವೇ? ಆ ನದಿ ಮತ್ತೆ ನದಿಯಾಗುವುದು ಯಾವಾಗ?

ಸಾಬೂನು: ತಮ್ಮ ಕೋರಿಕೆಯು ಸದರಿ ಸಾಬೂನಿನ ವ್ಯಾಪ್ತಿಗೆ ಬಾರದಿರುವುದರಿಂದ, ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(3)ರನ್ವಯ ಜಲಮಂಡಳಿಗೆ ವರ್ಗಾಯಿಸಲಾಗಿದೆ. ಜಲಮಂಡಳಿಯು ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ, ಮಂಡಳಿಯು ಹೊಸದಾಗಿ ಬಂದಿರುವ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೂ, ಪಾಲಿಕೆಯು ಪುನಃ ಜಲಮಂಡಳಿಗೂ ವರ್ಗಾಯಿಸುವ ಸಂಭವವಿದ್ದು, ಅರ್ಜಿ ಶುಲ್ಕ ಹತ್ತು ರೂಪಾಯಿಯನ್ನು ತಾವು ಇನ್ನೂ ಪಾವತಿಸಿರುವುದಿಲ್ಲ.