ಮಗ್ಗಿ ಅಪ್ಪ

ಪ್ರತಿ ಬಡಾವಣೆಯಲ್ಲೂ ಒಬ್ಬ ಮಗ್ಗಿ ಅಪ್ಪ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಮೊಟ್ಟೆ ಕೊಳ್ಳಲು ಹೋದರೆ ಒಡೆದಿದೆಯೇ ಎಂದು ನೋಡುವುದಿಲ್ಲ, ಟ್ರೇಯನ್ನು ಮಗಳ ಮೂಗಿನ ಮುಂದೆ ಹಿಡಿದು, "ಅಡ್ಡಕ್ಕೆ ಎಷ್ಟಿದೆ ಪುಟ್ಟಿ? ಉದ್ದಕ್ಕೆ?" ಎನ್ನುತ್ತಾರೆ. ಐದಾರ್ಲೆ ಮೂವತ್ತು ಎಂಬ ಉತ್ತರ ಬರುವವರೆಗೆ ಹಿಂದಿನವರು ಹಾಲಿನ ಪ್ಯಾಕೆಟ್ ಹಿಡಿದು ನಿಂತಿರಬೇಕು.

ಇವರು ಮಗ್ಗಿ ಕಲಿತ ಬಗೆಯೇ ಬೇರೆ. ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೊರಗಿ ಕೂತು ಇಪ್ಪತ್ತರವರೆಗೆ ಒಪ್ಪಿಸಬೇಕಿತ್ತು. ತಪ್ಪಿದಲ್ಲೆಲ್ಲ ಕಿವಿ ಕೆಂಪು. (ಇವರ ಅಜ್ಜಂದಿರ ಕಾಲದಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಯೂ ಇತ್ತು. ಆ ಕಿವಿಗಳ ಗತಿ ಏನಾಯಿತೋ.) ಆದ್ದರಿಂದ ಮಗಳು ಆಡುತ್ತ ಕಲಿಯಲಿ ಎಂದು ಶಪಥ ತೊಟ್ಟಿದ್ದಾರೆ. ಶಪಥದ ಭಾರ ಬಿದ್ದದ್ದು ಅಡುಗೆಮನೆಯ ಮೇಲೆ. ರಾಜ್ಮಾ ಡಬ್ಬಿ ನಾಪತ್ತೆ. ಇಡ್ಲಿ ಆರಿ ಕಲ್ಲಾದರೂ ತಟ್ಟೆಯಿಂದ ಏಳುವಂತಿಲ್ಲ.

"ಹನ್ನೆರಡು ಕಣ್ರೀ, ತಿನ್ನಿ!"

"ನೀನು ಹೇಳ್ಬೇಡ್ವೇ, ಅವಳೇ ಕಂಡುಹಿಡೀಲಿ!"

ಹಾಗೆಂದು ಇವರ ದಾರಿ ತಪ್ಪೇನಲ್ಲ. ಹುಣಸೆಬೀಜವನ್ನು ಸಾಲಿಗೆ ಎಂಟರಂತೆ ಏಳು ಸಾಲು ಜೋಡಿಸಿ. ಪಕ್ಕಕ್ಕೆ ಬಂದು ನೋಡಿದರೆ ಅದೇ ಬೀಜ, ಸಾಲಿಗೆ ಏಳರಂತೆ ಎಂಟು ಸಾಲು. ಇದನ್ನು ಕಣ್ಣಾರೆ ಕಂಡ ಮಗುವಿಗೆ ಹತ್ತರವರೆಗಿನ ಮಗ್ಗಿಯ 100 ಸಾಲು 55ಕ್ಕೆ ಇಳಿಯುತ್ತದೆ. ಒಂದು, ಎರಡು, ಐದು, ಹತ್ತರವು ಹೇಗೂ ಬರುತ್ತವೆ. ಅವನ್ನು ಕಳೆದರೆ ಕಲಿಯಬೇಕಾದದ್ದು ಬರೀ 21. ಇಷ್ಟು ದೊಡ್ಡ ರಿಯಾಯಿತಿಯನ್ನು ನಮ್ಮ ಮೇಷ್ಟ್ರುಗಳು ಬಾಯಿಬಿಡದೆ ಕಾಪಾಡಿಕೊಂಡು ಬಂದರು! ಇದೆಲ್ಲ ತಮ್ಮದೇ ಶೋಧ ಎಂದು ಮಗ್ಗಿ ಅಪ್ಪ ನಂಬಿದ್ದಾರೆ. ಮಕ್ಕಳು ಕೈಯಾಡಿಸಿ ಕಲಿಯಲೆಂದು ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾದದ್ದು 1995ರಲ್ಲಿ. ಆಗ ಇವರಿನ್ನೂ ಗೋಡೆಗೊರಗಿಯೇ ಕೂತಿದ್ದರು.

ತೊಂದರೆಯೆಂದರೆ, ಇವರಿಗೆ ಆಡಲು ಬರುವುದಿಲ್ಲ. ಪುಟ್ಟಿ ಬೀಜಗಳಲ್ಲಿ ಆನೆ ಬಿಡಿಸಲು ಹೊರಟರೆ, ಸೊಂಡಿಲು ಮೂಡುವಷ್ಟರಲ್ಲಿ, "ಆನೆ ಆಮೇಲೆ, ಮೊದಲು ಏಳೆಂಟ್ಲೆ ಎಷ್ಟು ಹೇಳು" ಎನ್ನುತ್ತಾರೆ. ನೆಂಟರು ಬಂದರಂತೂ ಮುಗಿಯಿತು. "ನಮ್ಮನೇಲಿ ಬಾಯಿಪಾಠ ಅನ್ನೋದೇ ಇಲ್ಲ. ಬೇಕಾದ್ರೆ ನೋಡಿ. ಪುಟ್ಟೀ, ಎಂಟರ ಮಗ್ಗಿ ಹೇಳಮ್ಮ!"

ಪುಟ್ಟಿಯೂ ಜಾಣೆ. "ಅಪ್ಪಾ, ಹದಿನೇಳೆಂಟ್ಲೆ ಎಷ್ಟು?" ಎನ್ನುತ್ತಾಳೆ. ಅಪ್ಪ ಸೂರು ನೋಡುತ್ತ, ತುಟಿ ಅಲ್ಲಾಡಿಸುತ್ತ ಹದಿನೇಳೊಂದ್ಲೆಯಿಂದ ಹತ್ತತೊಡಗುತ್ತಾರೆ. ಅವರು ನೂರಮೂವತ್ತಾರು ಮುಟ್ಟುವಷ್ಟರಲ್ಲಿ ಪುಟ್ಟಿ ಅಜ್ಜಿಯ ಕೋಣೆ ಸೇರಿರುತ್ತಾಳೆ.

ಅಲ್ಲಿ ಅಳಗುಳಿಮಣೆ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ. ಅಜ್ಜಿ ಪ್ರಶ್ನೆ ಕೇಳುವುದಿಲ್ಲ, ಮೋಸ ಮಾಡುತ್ತಾರೆ. ಸೆರಗಿನೊಳಗೆ ಒಂದು ಬೀಜ ಜಾರಿದರೆ, "ಅಜ್ಜೀ, ಐವತ್ತೈದೇ ಇದೆ, ತೆಗೀ ಆಚೆ!" ಎಂದು ಹಿಡಿಯುವುದಕ್ಕಾದರೂ ಲೆಕ್ಕ ಬರಲೇಬೇಕು.

ನಿಮ್ಮ ಮನೆಯಲ್ಲೂ ಮಗ್ಗಿ ಅಪ್ಪ ಇದ್ದರೆ ಅಟ್ಟದಿಂದ ಮಣೆ ಇಳಿಸಿ, ಅವರನ್ನೂ ಆಟಕ್ಕೆ ಸೇರಿಸಿಕೊಳ್ಳಿ. ಆದರೆ ನಡುವೆ ಪ್ರಶ್ನೆ ಕೇಳಿದರೆ ಒಂದು ಸರದಿ ಹೋಯಿತು ಎಂದು ಮೊದಲೇ ಕರಾರು ಮಾಡಿಕೊಳ್ಳಿ.