ಲೆಕ್ಕ ಕೈಬಿಟ್ಟವರಿಗೆ ಮಸ್ಕಿಯಿಂದ ಒಂದು ಬಹಿರಂಗ ಪತ್ರ

ಕೇಂದ್ರದ ಕೌಶಲ್ಯಾಭಿವೃದ್ಧಿ ಸಚಿವಾಲಯದ ಹಾಗೂ ಕರ್ನಾಟಕದ ಕೌಶಲ್ಯ ಇಲಾಖೆಯ ಅಧಿಕಾರಿಗಳಿಗೆ,

ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ 2015ರಲ್ಲಿ ಶುರುವಾಯಿತು. ಮೊದಲ ಮೂರು ಹಂತಗಳಲ್ಲಿ, ಅಂದರೆ 2021-22ರ ತನಕ, ಅಲ್ಪಾವಧಿ ತರಬೇತಿ ಮುಗಿಸಿದ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕ ಇಡಲಾಗುತ್ತಿತ್ತು. ನಾಲ್ಕನೆಯ ಹಂತದಲ್ಲಿ ಆ ಲೆಕ್ಕ ಕೈಬಿಡಲಾಯಿತು. ತರಬೇತಿ ಪಡೆದವರು ತಮಗೊಪ್ಪುವ ದಾರಿ ಆರಿಸಿಕೊಳ್ಳಲು ಶಕ್ತರಾಗಲಿ ಎಂಬುದು ಈಗಿನ ಒತ್ತು ಎಂದು ಸಂಸತ್ತಿಗೆ ಉತ್ತರ ಹೋಗಿದೆ. ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಹುಡುಗರಿಗೆ ಯಾವ ದಾರಿ ಉಳಿದಿದೆ ಎಂದು ತಿಳಿಸಲು ಈ ಪತ್ರ.

ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮಲ್ಲಿ ಗುಳೆ ಶುರುವಾಗುತ್ತದೆ. ಬೆಂಗಳೂರು ಬಸ್ಸಿನ ಡಿಕ್ಕಿಗೆ ಜೋಳದ ಚೀಲ, ಸ್ಟೋವು, ಕೌದಿ ಸುತ್ತಿದ ಗಂಟು ಏರುತ್ತವೆ. ಸೊಂಟದಲ್ಲೊಂದು ಕೂಸು, ಕೈಯಲ್ಲೊಂದು ಕೂಸು. ಆ ಸಾಲಿನಲ್ಲಿ ಐಟಿಐ ಮುಗಿಸಿದವರೂ ಇರುತ್ತಾರೆ, ಮೂರು ತಿಂಗಳ ಕೋರ್ಸು ಮಾಡಿದವರೂ ಇರುತ್ತಾರೆ. ಎಲೆಕ್ಟ್ರಿಷಿಯನ್ ಎಂದು ಬರೆದ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿರುತ್ತದೆ. ಕಟ್ಟಡದ ಜಾಗದಲ್ಲಿ ಅದನ್ನು ಪಡೆದವನು ಹೆಲ್ಪರ್. ಮೇಸ್ತ್ರಿ ಕೇಳುವುದು ಎಷ್ಟು ಚೀಲ ಹೊರುತ್ತಿ ಎಂದು ಮಾತ್ರ.

ಇವರಿಗಾಗಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿತ್ತು. ನೋಂದಣಿಯಾದರೆ ಮಕ್ಕಳ ಓದಿಗೆ ನೆರವು, ಪಿಂಚಣಿ, ಆಸ್ಪತ್ರೆ ಖರ್ಚು. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು. ಒಬ್ಬ ಮೇಸ್ತ್ರಿಯ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತ ದುಡಿಯುವವನಿಗೆ ಆ ಸಹಿ ಹಾಕಿ ಕೊಡುವವರು ಯಾರು? ರಾಜ್ಯದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ, ಎರಡು ವರ್ಷದವರೆಗೆ. ಅದು ಆಸರೆ, ನಿಜ. ಕೆಲಸ ಹುಡುಕುವವನಿಗೆ ಬಸ್ಸಿನ ಖರ್ಚಾದರೂ ಹುಟ್ಟುತ್ತದೆ. ಕೆಲಸ ಮಾತ್ರ ಬೇರೆಲ್ಲಿಂದಲಾದರೂ ಬರಬೇಕು.

ಇಲ್ಲಿ ದುಡಿಮೆಗೇನೂ ಬರವಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ನಾಟಿಗೆ ಹೆಣ್ಣುಮಕ್ಕಳು ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದು ಬೆಳಗಿನಿಂದ ಕೆಸರಲ್ಲಿ ಬಾಗಿರುತ್ತಾರೆ. ಕೊಯ್ಲಿನಲ್ಲಿ ಕಟಾವು ಯಂತ್ರಗಳು ಗದ್ದೆಗಿಳಿಯುತ್ತವೆ. ಅದೇ ಹೊತ್ತಿನಲ್ಲಿ ಯಂತ್ರದ ಬೆಲ್ಟ್ ಹರಿದರೆ, ಹೈಡ್ರಾಲಿಕ್ ಕೈಕೊಟ್ಟರೆ ರೈತ ಮೋಡ ನೋಡುತ್ತ ಮೆಕ್ಯಾನಿಕ್‌ಗೆ ಕಾಯುತ್ತಾನೆ. ಅಕ್ಕಿ ಗಿರಣಿಗಳಿಗೆ ಬಾಯ್ಲರ್ ಗೊತ್ತಿರುವವರು ಬೇಕು, ಮೋಟಾರು ಗೊತ್ತಿರುವವರು ಬೇಕು. ಈ ನೆಲಕ್ಕೆ ಬೇಕಾದ ಕಸುಬು ಯಾವುದೆಂದು ಗಿರಣಿಯವರನ್ನೂ ರೈತರನ್ನೂ ಹಮಾಲರನ್ನೂ ಕೂರಿಸಿ ಕೇಳಿದ ಮೇಲೆ ಕೋರ್ಸು ತೆರೆಯಿರಿ. ದೇಶಕ್ಕೆಲ್ಲ ಒಂದೇ ಪಟ್ಟಿ ಹಿಡಿದು ಬಂದರೆ ಇಲ್ಲಿ ಕಲಿತವನು ಇಲ್ಲಿಂದಲೇ ಹೊರಡಬೇಕಾಗುತ್ತದೆ.

ಘನತೆಯ ದುಡಿಮೆ ಎಂಬ ಮಾತನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1999ರಲ್ಲಿ ತನ್ನ ಗುರಿಯಾಗಿ ಮುಂದಿಟ್ಟಿತು: ಕೆಲಸ, ಕೆಲಸದಲ್ಲಿ ಹಕ್ಕು, ಸಾಮಾಜಿಕ ಭದ್ರತೆ, ಮಾಲೀಕರೊಂದಿಗೆ ಎದುರು ಕೂತು ಮಾತಾಡುವ ಅವಕಾಶ. ಇದು ಹೇಗಿರುತ್ತದೆಂದು ನೋಡಲು ಆ ಸಂಘಟನೆಯ ಕಚೇರಿಯಿರುವ ಜಿನೀವಾಕ್ಕೆ ಹೋಗಬೇಕಿಲ್ಲ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಬನ್ನಿ. ರಾಜ್ಯ ಸರ್ಕಾರದ ಚಿನ್ನದ ಗಣಿ ಅದು. ನೆಲದಾಳದ ಕೆಲಸ ಕಷ್ಟದ್ದೇ, ಅಪಾಯದ್ದೇ. ಆದರೂ ಅಲ್ಲಿನ ಕಾಯಂ ಕಾರ್ಮಿಕನಿಗೆ ನೇಮಕಾತಿ ಪತ್ರವಿದೆ, ಭವಿಷ್ಯ ನಿಧಿಯಿದೆ, ಆಸ್ಪತ್ರೆಯಿದೆ, ಮತ ಹಾಕಿ ಆರಿಸುವ ಸಂಘವಿದೆ. ಒಂದೇ ಜಿಲ್ಲೆಯ ಇಬ್ಬರು ಹುಡುಗರಲ್ಲಿ ಒಬ್ಬ ಅಲ್ಲಿ, ಇನ್ನೊಬ್ಬ ಮೇಸ್ತ್ರಿಯ ಹಿಂದೆ. ಇವರ ನಡುವಿನ ಅಂತರ ಬರೀ ಕಲಿಕೆಯದಲ್ಲ.

ತರಬೇತಿ ಉದ್ಯೋಗದೊಂದಿಗೆ ನಿಕಟವಾಗಿ ಬೆಸೆದಿರಬೇಕು ಎಂದು ಹೇಳುವ, ಅದೇ ಕಾರ್ಮಿಕ ಸಂಘಟನೆಯ 1975ರ 142ನೆಯ ಒಡಂಬಡಿಕೆಯನ್ನು ಭಾರತ 2009ರಲ್ಲಿ ಒಪ್ಪಿಕೊಂಡಿದೆ. ಜರ್ಮನಿಯಲ್ಲಿ 1969ರ ಕಾಯ್ದೆಯಂತೆ ಕಸುಬು ಕಲಿಯುವವನು ಮೊದಲು ಕಂಪನಿಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾನೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಸಂಬಳದ ಕಲಿಕೆ. ನಮ್ಮಲ್ಲೂ 1961ರಿಂದ ಅಪ್ರೆಂಟಿಸ್ ಕಾಯ್ದೆಯಿದೆ. ಆದರೆ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಗೆ ಮಾತ್ರ ಅದು ಕಡ್ಡಾಯ. ಬೆರಳೆಣಿಕೆಯ ಆಳುಗಳಿಂದ ನಡೆಯುವ ಗಿರಣಿ, ಗ್ಯಾರೇಜುಗಳಿಗೆ ಅದು ಅವರ ಇಷ್ಟಕ್ಕೆ ಬಿಟ್ಟದ್ದು. ಸಂವಿಧಾನದ 371 (ಜೆ) ವಿಧಿಯಿಂದ ಸರ್ಕಾರಿ ಕೆಲಸದಲ್ಲಿ, ಕಾಲೇಜು ಸೀಟಿನಲ್ಲಿ ನಮ್ಮ ಭಾಗದ ಮಕ್ಕಳಿಗೆ ಪಾಲು ಸಿಕ್ಕಿತು. ಅದಕ್ಕಾಗಿ ಹೋರಾಡಿದವರಿಗೆ ನಾವು ಋಣಿಗಳು. ಖಾಸಗಿ ಕಂಪನಿಯ ಗೇಟಿನೊಳಗೆ ಅದೂ ಬರುವುದಿಲ್ಲ.

ಐಟಿಐ ಬಾಗಿಲಿಗೆ ಬರಲಾರದ ಮಕ್ಕಳ ಮಾತು ಬೇರೆಯೇ ಇದೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಬೆಳಗಾಗುವ ಮೊದಲೇ ಟಂಟಂಗಳು ಊರ ಮುಂದೆ ನಿಲ್ಲುತ್ತವೆ. ತಾಯಂದಿರ ನಡುವೆ ಏಳನೆಯ, ಎಂಟನೆಯ ತರಗತಿಯ ಹುಡುಗಿಯರು ಬುತ್ತಿ ಹಿಡಿದು ಒತ್ತಿಕೊಂಡು ಕೂತಿರುತ್ತಾರೆ. ಮೇಷ್ಟ್ರು ಹಾಜರಿ ಕೂಗುವಾಗ ಅವರ ಕೈ ಹತ್ತಿಕಾಯಿಯಲ್ಲಿರುತ್ತದೆ. ಬಾಲಕಾರ್ಮಿಕತೆ ವಿರುದ್ಧದ ಎರಡು ಒಡಂಬಡಿಕೆಗಳನ್ನು ದೇಶ 2017ರಲ್ಲಿ ಒಪ್ಪಿತು. ತಾಯಿಯ ಕೂಲಿ ಮನೆ ನಡೆಸುವಷ್ಟಿದ್ದರೆ ಮಗಳು ಶಾಲೆಯಲ್ಲಿರುತ್ತಿದ್ದಳು. ಓದು ಕೆಲಸಕ್ಕೆ ದಾರಿ ಎನ್ನುತ್ತೀರಿ, ಒಪ್ಪುತ್ತೇನೆ. ಹೆತ್ತವರ ಒಳ್ಳೆಯ ಕೆಲಸವೇ ಮಕ್ಕಳ ಓದಿಗೆ ದಾರಿ ಎಂಬುದನ್ನೂ ದಯವಿಟ್ಟು ನಿಮ್ಮ ಯೋಜನೆಯಲ್ಲಿ ಬರೆದುಕೊಳ್ಳಿ.

ನಮ್ಮೂರಿನ ಬಂಡೆಯ ಮೇಲೆ ಅಶೋಕನ ಹೆಸರಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಉನ್ನತವಾದದ್ದನ್ನು ಪಡೆಯಬಲ್ಲರು, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ಆಶಯ. ಪ್ರವಾಸಿಗರಿಗೆ ನಾವು ಅದನ್ನು ಹೆಮ್ಮೆಯಿಂದ ತೋರಿಸುತ್ತೇವೆ.

ಚಿಕ್ಕವರಿಗೂ ತಿಳಿಸಿ ಎಂಬ ಆ ಮಾತಿನಂತೆ ನಾನು ಕೇಳುವುದು ಇಷ್ಟು. ಕೈಬಿಟ್ಟ ಲೆಕ್ಕವನ್ನು ಮತ್ತೆ ಶುರುಮಾಡಿ. ತರಬೇತಿ ಮುಗಿದ ಮೂರು ತಿಂಗಳಿಗೆ ನಿಲ್ಲಿಸದೆ ವರ್ಷ ತುಂಬಿದ ಮೇಲೂ ಕೇಳಿ: ಕೆಲಸ ಎಲ್ಲಿದೆ, ಕಲಿತ ಕಸುಬಿನದೇ ಹೌದೇ, ಸಂಬಳ ಎಷ್ಟು, ಪಿಎಫ್ ಕಟ್ಟುತ್ತಿದ್ದಾರೆಯೇ, ನೇಮಕಾತಿ ಪತ್ರ ಕೈಗೆ ಬಂದಿದೆಯೇ. ಹೆಣ್ಣುಮಕ್ಕಳ ಲೆಕ್ಕ ಬೇರೆ ಇಡಿ. ಹೆಸರು ಬೇಡ, ಅಂಕಿ ಸಾಕು. ಅದನ್ನು ತಾಲ್ಲೂಕುವಾರು ಪ್ರಕಟಿಸಿ, ತರಬೇತಿ ಕೇಂದ್ರದ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಮುಂದಿನ ತಂಡಕ್ಕೆ ಅರ್ಜಿ ತುಂಬಲು ಬಂದ ಹುಡುಗಿ ಸಹಿ ಹಾಕುವ ಮೊದಲು ಅದನ್ನು ಓದಲಿ.

ಇಂತಿ,
ಮಸ್ಕಿ ತಾಲ್ಲೂಕಿನ ಒಬ್ಬ ನಿವಾಸಿ