ಓನರ್ ಅಂಕಲ್

ಬೆಂಗಳೂರಿನ ವಿಜಯನಗರವೋ ಬನಶಂಕರಿಯೋ, ಯಾವ ಅಡ್ಡರಸ್ತೆ ಹೊಕ್ಕರೂ ಓನರ್ ಅಂಕಲ್ ಸಿಗುತ್ತಾರೆ. ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವರು. ಬಂದ ಗ್ರಾಚ್ಯುಟಿಯನ್ನೆಲ್ಲ 30x40 ಸೈಟಿನ ಮೇಲೆ ಸುರಿದು ಮನೆ ಎಬ್ಬಿಸಿದ್ದಾರೆ. ಕೆಳಗೆ ತಾವು, ಮೇಲೆ ಒಂದು ಟೂ ಬಿಎಚ್‌ಕೆ, ಅದರ ಮೇಲೆ ಎರಡು ಒನ್ ಬಿಎಚ್‌ಕೆ, ತಾರಸಿಯಲ್ಲಿ ಶೀಟ್ ಹೊದಿಸಿದ ಒಂದು ರೂಮು. ಟು-ಲೆಟ್ ಬೋರ್ಡಿನಲ್ಲಿ ಆ ರೂಮಿನ ಹೆಸರು ಪೆಂಟ್‌ಹೌಸ್. ಊರವರ ಕಣ್ಣಿಗೆ ಇದು ಬಾಡಿಗೆ ಕಟ್ಟಡ. ಅಂಕಲ್ ಪಾಲಿಗೆ ರಿಟೈರ್‌ಮೆಂಟೇ ಇಲ್ಲದ ಆಫೀಸು.

ಮನೆ ಕೇಳಿಕೊಂಡು ಹೋದವರಿಗೆ ಮೊದಲು ತೋರಿಸುವುದು ಮನೆಯನ್ನಲ್ಲ, ಪ್ಲಾಸ್ಟಿಕ್ ಕುರ್ಚಿಯನ್ನು. ಇಂಟರ್‌ವ್ಯೂ ಅಲ್ಲೇ. ‘ಯಾವ ಕಂಪನಿ? ಪರ್ಮನೆಂಟಾ? ಊರು ಯಾವ್ದು? ಅಂದ್ರೆ... ನೀವು ಯಾವ ಪೈಕಿ?’ ಕೊನೆಯ ಪ್ರಶ್ನೆಗೆ ಉತ್ತರ ತಡವಾದರೆ ಅಡುಗೆಮನೆಯ ದಾರಿ ಹಿಡಿಯುತ್ತಾರೆ: ‘ಏನೂ ಇಲ್ಲ, ವಾಸನೆ ಬಂದ್ರೆ ನಮ್ಮ ಮನೆಯವರಿಗೆ ತಲೆನೋವು.’ ಆ ತಲೆನೋವಿನ ಸುದ್ದಿ ಒಳಗಿರುವ ಆಂಟಿಗೆ ಗೊತ್ತಾಗುವುದೂ ಆಗಲೇ.

ಪಾಸಾದವರಿಗೆ 11 ತಿಂಗಳ ಅಗ್ರಿಮೆಂಟು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು. ಅದರ ಖರ್ಚು ತಪ್ಪಿಸಲು ಊರೆಲ್ಲ 11 ತಿಂಗಳಿಗೆ ಬರೆಸಿಕೊಳ್ಳುತ್ತದೆ. ಅಂಕಲ್ ಕಾರಣ ಬೇರೆ. ಹಂಗಾಮಿ ನೌಕರನನ್ನು ಹಂಗಾಮಿಯಾಗಿಯೇ ಇಡಬೇಕು, ಕಾಯಂ ಅನ್ನಿಸಿದರೆ ಮಾತು ಕೇಳಲ್ಲ ಎಂಬುದು ಅವರು ಸರ್ವಿಸಿನಲ್ಲಿ ಕಂಡ ಸತ್ಯ. ಒಂದೇ ವ್ಯತ್ಯಾಸ, ಇಲ್ಲಿ ವರ್ಷಕ್ಕೆ ಐದು ಪರ್ಸೆಂಟ್ ಇನ್‌ಕ್ರಿಮೆಂಟನ್ನು ನೌಕರನೇ ಸಾಹೇಬರಿಗೆ ಕೊಡಬೇಕು.

ಅಡ್ವಾನ್ಸು ಹತ್ತು ತಿಂಗಳದ್ದು. ಮೇಲಿನ ಮನೆಗೆ 25,000 ಬಾಡಿಗೆಯಾದರೆ ಎರಡೂವರೆ ಲಕ್ಷ ಎಣಿಸಬೇಕು. ‘ಅಂಕಲ್, 2021ರಲ್ಲಿ ಕೇಂದ್ರದವರು ಮಾಡಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಅಂತಿದೆ’ ಎಂದು ಓದಿಕೊಂಡ ಹುಡುಗನೊಬ್ಬ ಹೇಳಿದನಂತೆ. ‘ಡೆಲ್ಲಿ ಸರ್ಕ್ಯುಲರ್ ಕೆಳಗಿಳಿದು ನಮ್ಮ ಸೆಕ್ಷನ್ನಿಗೆ ಬರಲಿ, ನೋಡೋಣ’ ಎಂದು ಅಂಕಲ್ ಆ ಫೈಲನ್ನು ಅಲ್ಲೇ ಮುಗಿಸಿದರು.

ಇನ್ನು ಸರ್ಕ್ಯುಲರ್‌ಗಳು. ಮೆಟ್ಟಿಲ ಗೋಡೆಯ ಮೇಲೆ ದುಂಡಗಿನ ಅಕ್ಷರದಲ್ಲಿ: ಗೇಟು ರಾತ್ರಿ 10ಕ್ಕೆ ಬಂದ್. ಗೋಡೆಗೆ ಮೊಳೆ ಹೊಡೆಯಕೂಡದು. ನೆಂಟರು ಬಂದರೆ ಮುಂಚಿತವಾಗಿ ತಿಳಿಸತಕ್ಕದ್ದು. (ಈ ಕಾಗದವನ್ನು ಅಂಟಿಸಿಲ್ಲ, ಮೊಳೆ ಹೊಡೆದು ನಿಲ್ಲಿಸಿದ್ದಾರೆ.)

ಅಧಿಕಾರದ ನಿಜವಾದ ಪೀಠ ಮಾತ್ರ ಮೋಟಾರ್ ಸ್ವಿಚ್ಚು. ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬೀಳುತ್ತದೆ. ಅದು ಟ್ಯಾಂಕಿಗೆ ಏರುವುದು ಅಂಕಲ್ ಮನಸ್ಸಿಗೆ ಬಂದಾಗ. 2024ರ ಬೇಸಿಗೆಯಲ್ಲಿ ಊರ ಎಷ್ಟೋ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಜನ ಮುಗಿಬಿದ್ದಾಗ ಅವರು ಹತ್ತು ವರ್ಷ ಚಿಕ್ಕವರಾಗಿ ಕಂಡರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನೀರು. ಪೆಂಟ್‌ಹೌಸಿನ ಹುಡುಗ ಎಷ್ಟು ಬಕೆಟ್ ಸ್ನಾನ ಮಾಡಿದ ಎಂಬುದು ಪೈಪಿನ ಸದ್ದಿನಿಂದಲೇ ಅವರಿಗೆ ತಿಳಿಯುತ್ತಿತ್ತು.

ಸರ್ಕಾರ ಮಾತ್ರ ಅವರ ಅಧಿಕಾರಕ್ಕೆ ಆಗಾಗ ಕತ್ತರಿ ಹಾಕುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಕರೆಂಟು ಉಚಿತವಾಯಿತು, ಅದೂ ಬಾಡಿಗೆದಾರರಿಗೂ ಸೇರಿಸಿ. ಎಲ್ಲರಿಗೂ ಸೊನ್ನೆ ಬಿಲ್ಲು. ‘ಹಗಲು ಹೊತ್ತಲ್ಲಿ ಫ್ಯಾನ್ ಯಾಕೆ?’ ಎಂದು ಕೇಳುವ ಹಕ್ಕೇ ಹೋಯಿತು. ಇನ್ನೊಂದು ಪೆಟ್ಟು ಬಿದ್ದದ್ದು ಟೂ ಬಿಎಚ್‌ಕೆಯವರಿಂದ. ಎಚ್‌ಆರ್‌ಎ ವಿನಾಯಿತಿಗೆ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕಲ್ಲ, ಕೇಳಿದರು. ಬಂದ ಬಾಡಿಗೆದಾರರೆಲ್ಲರ ಆಧಾರ್ ಜೆರಾಕ್ಸನ್ನು ಫೈಲು ಮಾಡಿಟ್ಟ ಮನುಷ್ಯ ನೊಂದು ನುಡಿದರು: ‘ಅಷ್ಟೂ ನಂಬಿಕೆ ಇಲ್ವೇನ್ರೀ ನಮ್ಮ ಮೇಲೆ?’

ಮನೆ ಬಿಡುವ ದಿನ ಇನ್‌ಸ್ಪೆಕ್ಷನ್. ನಲ್ಲಿ ತಿರುಗಿಸಿ, ಸ್ವಿಚ್ಚು ಒತ್ತಿ, ಗೋಡೆಗೆ ಕಣ್ಣಿಟ್ಟು ಕೊನೆಗೆ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಬರುವಾಗಲೇ ಇದ್ದ ಕಲೆ ಎಂದು ವಾದಿಸಿ ಗೆದ್ದವರಿಲ್ಲ. ಅದೇ ಕಲೆಯ ಹೆಸರಿನಲ್ಲಿ ಎಷ್ಟೋ ಸಂಸಾರಗಳು ದುಡ್ಡು ಬಿಟ್ಟು ಹೋಗಿವೆ. ಕಲೆ ಹಾಗೇ ಇದೆ.

ಅಮೆರಿಕದ ಮಗ ಒಂದು ಭಾನುವಾರ ವೀಡಿಯೊ ಕಾಲ್‌ನಲ್ಲಿ ಲೆಕ್ಕ ಹಾಕಿದ: ‘ಅಪ್ಪಾ, ಎಲ್ಲ ಸೇರಿ ತಿಂಗಳಿಗೆ 60,000. ವರ್ಷಕ್ಕೆ ಏಳು ಲಕ್ಷದ ಇಪ್ಪತ್ತು ಸಾವಿರ. ಅದರಲ್ಲಿ ಟ್ಯಾಕ್ಸು, ರಿಪೇರಿ ಬೇರೆ. ಮನೆ ಮಾರಿದ್ರೆ ಎರಡು ಕೋಟಿ ಬರುತ್ತೆ. ಎಫ್‌ಡಿ ಇಟ್ರೆ ಆರು ಪರ್ಸೆಂಟ್ ಅಂದ್ರೂ 12 ಲಕ್ಷ. ಕೂತಲ್ಲಿಗೇ ಬರುತ್ತೆ, ಯಾರ ಗೋಜೂ ಇಲ್ಲ.’

ಲೆಕ್ಕದಲ್ಲಿ ತಪ್ಪು ಹುಡುಕಿ ಸೋತ ಅಂಕಲ್ ಕನ್ನಡಕ ತೆಗೆದರು.

‘ಸರಿ ಕಣೋ. ಆದ್ರೆ ನಿನ್ನ ಎಫ್‌ಡಿ ರಾತ್ರಿ ಹನ್ನೊಂದಕ್ಕೆ ಬಂದು ಗೇಟು ತಟ್ಟುತ್ತಾ? ಯಾಕಯ್ಯಾ ಇಷ್ಟೊತ್ತು ಅಂತ ಅದನ್ನ ಕೇಳೋಕಾಗುತ್ತಾ?’